ಅಕ್ಕಿ ಚೀಲದ ಊರಲ್ಲಿ ಜೋಳದ ರೊಟ್ಟಿ

ಹೊಸಪೇಟೆಯ ನಮ್ಮ ಓಣಿಯ ಕಿರಾಣಿ ಅಂಗಡೀಲಿ ಒಳ್ಳೆ ಬಿಳಿಜೋಳ ಈಗ ಸೋನಾ ಮಸೂರಿ ಅಕ್ಕಿಗಿಂತ ತುಟ್ಟಿ. ನಮ್ಮಜ್ಜಿ ಇದ್ದಿದ್ರೆ ಈ ಮಾತು ನಂಬ್ತಾನೇ ಇರ್ಲಿಲ್ಲ. ಅವರ ಕಾಲದಲ್ಲಿ ಅನ್ನ ಅಂದ್ರೆ ಹಬ್ಬ, ಮದುವೆ, ಇಲ್ಲಾಂದ್ರೆ ಮನೇಲಿ ಯಾರಿಗೋ ಜ್ವರ. ದಿನಾ ತಿನ್ನೋದು ರೊಟ್ಟಿ, ನುಚ್ಚು, ಸಂಗಟಿ. ಎರಡು ತಲೆಮಾರು ಕಳೆಯೋದ್ರೊಳಗೆ ತಾಟು ಪೂರ್ತಿ ತಿರುಗಿಬಿಟ್ಟಿದೆ. ಬಡವರ ಊಟ ಅಂತ ಬಿಟ್ಟಿದ್ದನ್ನ ಈಗ ಡಾಕ್ಟರ ಚೀಟಿ ಹಿಡ್ಕೊಂಡು ಹುಡುಕ್ತಾ ಇದ್ದೀವಿ.

ನಮ್ಮ ಮನೇಲಿ ಆ ಚೀಟಿ ಬಂದದ್ದು ಅಮ್ಮನ ಹೆಸರಿಗೆ. ಎಚ್‌ಬಿಎ1ಸಿ 8.6. ಡಾಕ್ಟರು ಮಾತ್ರೆ ಬರೆದರು, ದಿನಾ ನಡೀರಿ ಅಂದರು, ಕೊನೆಗೆ "ಅನ್ನ ಕಮ್ಮಿ ಮಾಡ್ರಮ್ಮ" ಅಂದರು. ಮಾತ್ರೆಗೂ ನಡಿಗೆಗೂ ಅಮ್ಮ ತಕರಾರಿಲ್ಲದೆ ತಲೆ ಆಡಿಸಿದರು. ಮೂರನೇ ಮಾತಿಗೆ ಮಾತ್ರ ಮುಖ ಸಣ್ಣದಾಯ್ತು. ಕಾರಣ ಬಾಯಿ ಚಪಲ ಅಷ್ಟೇ ಅಲ್ಲ. ಕಂಪ್ಲಿಯಲ್ಲಿ ನಮ್ಮ ಚಿಕ್ಕಪ್ಪನ ಗದ್ದೆ ಇದೆ. ಪ್ರತಿ ವರ್ಷ ಸುಗ್ಗಿ ಆದಮೇಲೆ ಎರಡು ಚೀಲ ಅಕ್ಕಿ ನಮ್ಮ ಮನೆಗೆ ಬರುತ್ತೆ. ದುಡ್ಡಿನ ಮಾತೇ ಇಲ್ಲ. ಅಪ್ಪ ತೀರಿಕೊಂಡ ಮೇಲೂ ಒಂದು ವರ್ಷ ತಪ್ಪಿಲ್ಲ. ಆ ಅಕ್ಕಿ ಬೇಡ ಅಂದ್ರೆ ಆ ಮನೆಯ ನಂಟೇ ಬೇಡ ಅಂದ ಹಾಗೆ. "ಏನಂತ ಹೇಳ್ಲಿ ಅವರಿಗೆ?" ಅಂತ ಅಮ್ಮ ಕೇಳಿದ ಪ್ರಶ್ನೆಗೆ ಗೂಗಲ್‌ನಲ್ಲಿ ಉತ್ತರ ಇರಲಿಲ್ಲ.

ಈ ಅಕ್ಕಿ ನಮ್ಮ ಸೀಮೆಗೆ ಬಂದ ಕಥೆ ಸ್ವಲ್ಪ ಹೇಳಬೇಕು. ಹೊಳೆ ದಂಡೆಗೆ ಭತ್ತ ಹೊಸದೇನಲ್ಲ. ವಿಜಯನಗರದ ಅರಸರ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರೀತಿದೆ. ಹಂಪಿಗೆ ಹೋಗೋವಾಗ ಬಾಳೆತೋಟದ ಪಕ್ಕ ತಣ್ಣಗೆ ಹರಿಯೋ ತುರ್ತಾ ಕಾಲುವೆ ನೋಡಿರ್ತೀರಿ. ರಾಯ, ಬಸವಣ್ಣ, ಕಂಪ್ಲಿ ಕಾಲುವೆಗಳೂ ಅದೇ ಸಾಲಿನವು. ಆದರೆ ಕಾಲುವೆ ದಾಟಿ ಸ್ವಲ್ಪ ಆಚೆ ಹೋದರೆ ಎಲ್ಲಾ ಎರೆ ಹೊಲ, ಮಳೆ ನಂಬಿದ ಜೋಳ, ಹತ್ತಿ, ಕುಸುಬೆ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಪಟ್ಟಣದ ಪೇಟೆಯಲ್ಲಿ ಕಂಡ ಧಾನ್ಯಗಳ ಪಟ್ಟಿಯನ್ನೇ ಕೊಡ್ತಾನೆ: ಅಕ್ಕಿ, ಗೋಧಿ, ಹೆಸರು, ಹುರುಳಿ ಹೀಗೆ. 1900ರಲ್ಲಿ ರಾಬರ್ಟ್ ಸಿವೆಲ್ ಪ್ರಕಟಿಸಿದ ಇಂಗ್ಲಿಷ್ ಅನುವಾದದಲ್ಲಿ ಆ ಪಟ್ಟಿಯಲ್ಲಿ 'ಇಂಡಿಯನ್ ಕಾರ್ನ್' ಅಂತ ಒಂದಿದೆ. ಓದಿದವರು ಮೆಕ್ಕೆಜೋಳ ಅಂದ್ಕೋಬಾರದು, ಅದು ನಮ್ಮ ಜೋಳವೇ. ಮೆಕ್ಕೆಜೋಳದ ತವರು ಅಮೆರಿಕ. ಅಂದಹಾಗೆ ಮೆಣಸಿನಕಾಯಿ, ಶೇಂಗಾ, ಟೊಮೆಟೊ ಮೂರೂ ಅಲ್ಲಿಂದಲೇ ಬಂದವು. ಅಂದ್ರೆ ಕೃಷ್ಣದೇವರಾಯರ ಊಟದಲ್ಲಿ ಶೇಂಗಾ ಚಟ್ನಿನೂ ಇರಲಿಲ್ಲ, ಮಿರ್ಚಿ ಬಜ್ಜಿನೂ ಇರಲಿಲ್ಲ. ಪಾಪ ಅನ್ನಿಸುತ್ತೆ.

ದೊಡ್ಡ ಬದಲಾವಣೆ ಆಗಿದ್ದು ಡ್ಯಾಮ್ ಬಂದಮೇಲೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗೀತು, ದೊಡ್ಡ ಕಾಲುವೆಗಳು ಒಣ ಸೀಮೆಗೆ ನೀರು ಒಯ್ದವು. ಸ್ವಾರಸ್ಯ ಏನಂದ್ರೆ, ಯೋಜನೆ ಮಾಡಿದವರ ಲೆಕ್ಕದಲ್ಲಿ ಈ ನೀರಿನ ದೊಡ್ಡ ಪಾಲು ಭತ್ತಕ್ಕೆ ಇರಲೇ ಇಲ್ಲ. ಕಮ್ಮಿ ನೀರು ಬೇಡೋ ಜೋಳ, ಹತ್ತಿ, ಶೇಂಗಾದಂಥ ಬೆಳೆಗಳನ್ನ ಆದಷ್ಟು ಹೆಚ್ಚು ಹೊಲಕ್ಕೆ ಹರಡೋದು ಉದ್ದೇಶ. ಆದರೆ ಕಾಲುವೆ ಪಕ್ಕ ನೀರು ಕಣ್ಣಿಗೆ ಕಾಣುತ್ತಾ ಇರೋವಾಗ ಜೋಳ ಬಿತ್ತೋರು ಯಾರು? ಆಂಧ್ರದ ಕರಾವಳಿ ಕಡೆಯಿಂದ ಬಂದ ರೈತರು 'ಕ್ಯಾಂಪ್' ಕಟ್ಟಿಕೊಂಡು ಭತ್ತದ ಕೃಷಿ ಮಾಡಿ ತೋರಿಸಿದರು. ನೋಡಿದವರೂ ಮಾಡಿದರು. ಗಂಗಾವತಿ, ಕಂಪ್ಲಿ, ಸಿರುಗುಪ್ಪ ಭತ್ತದ ಊರುಗಳಾದವು. ಮೇಲಿನವರು ಗದ್ದೆ ತುಂಬಿಸಿಕೊಂಡರೆ ಕಾಲುವೆಯ ಕೊನೇ ಭಾಗದವರಿಗೆ ನೀರು ಮುಟ್ಟೋದಿಲ್ಲ ಅನ್ನೋ ಜಗಳ ಆಗಿಂದಲೂ ಇದೆ. ಜೊತೆಗೆ ಹೂಳು ಬೇರೆ. 133 ಟಿಎಂಸಿ ಹಿಡೀಬೇಕಿದ್ದ ಜಲಾಶಯ ಈಗ ಹಿಡಿಯೋದು ಸುಮಾರು 105.

ಆ ನೀರು ಎಷ್ಟು ಸಣ್ಣ ಕೊಂಡಿಯ ಮೇಲೆ ನಿಂತಿದೆ ಅಂತ ನಮಗೆ ಗೊತ್ತಾಗಿದ್ದು 2024ರ ಆಗಸ್ಟ್ 10ರ ರಾತ್ರಿ. 33 ಗೇಟುಗಳಲ್ಲಿ 19ನೇದರ ಚೈನ್ ಕಡಿದು ಗೇಟೇ ಕೊಚ್ಚಿಹೋಯ್ತು. ತುಂಬಿದ ಡ್ಯಾಮು, ಆಗಷ್ಟೇ ನಾಟಿ ಮಾಡಿದ ಗದ್ದೆಗಳು. ಒಂದು ವಾರದಲ್ಲಿ ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನಿಲ್ಲಿಸಿದರು, ಸರಿ. ಆ ವಾರ ಚಿಕ್ಕಪ್ಪ ದಿನಕ್ಕೆ ನಾಲ್ಕು ಸಲ ಫೋನ್ ಮಾಡ್ತಿದ್ದರು. ಹೊಸಪೇಟೆಯಲ್ಲಿ ಇರೋನು ನಾನಾದ್ದರಿಂದ ಡ್ಯಾಮಿನ ಸುದ್ದಿ ನನಗೇ ಮೊದಲು ಗೊತ್ತಾಗುತ್ತೆ ಅನ್ನೋದು ಅವರ ನಂಬಿಕೆ. ಅಂಥ ಮನುಷ್ಯನ ಅಕ್ಕಿ ಬೇಡ ಅನ್ನೋದು ಹೇಗೆ, ನೀವೇ ಹೇಳ್ರಿ.

ಆಫೀಸು ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಕೊಟ್ಟಿರೋದ್ರಿಂದ ರೊಟ್ಟಿ ಕಲಿಯೋ ಜವಾಬ್ದಾರಿ ನಾನೇ ತಗೊಂಡೆ. ಅಮ್ಮನಿಗೆ ಮಣಿಕಟ್ಟು ನೋವು, ಬಡಿಯೋಕೆ ಆಗಲ್ಲ.

ಮೊದಲು ಜೋಳ. ರೊಟ್ಟಿಗೆ ಹಿಂಗಾರಿ ಬಿಳಿಜೋಳವೇ ಬೇಕು. ಮಾಲದಂಡಿ ಅಂತ ಕೇಳಿ, ಎಂ 35-1 ಅಂದ್ರೂ ಅದೇ. ಕಾಳು ದುಂಡಗೆ, ಮುತ್ತಿನ ಬಣ್ಣದಲ್ಲಿ ಇರಬೇಕು. ಮಳೆಗೆ ಸಿಕ್ಕ ಜೋಳ ಮೇಲೆ ಕಪ್ಪು ಹಿಡಿದಿರುತ್ತೆ, ಹಿಟ್ಟು ಕಹಿ. ಪ್ಯಾಕೆಟ್ ಹಿಟ್ಟು ತರಬೇಡಿ ಅಂತ ನನ್ನ ಮಾತು. ಜೋಳದ ಹಿಟ್ಟು ಹಳೇದಾದಷ್ಟೂ ಜಿಗಿ ಕಳ್ಕೊಳ್ಳುತ್ತೆ, ಪ್ಯಾಕೆಟ್ ಗಿರಣಿ ಬಿಟ್ಟು ಎಷ್ಟು ದಿನ ಆಗಿರುತ್ತೋ ಯಾರಿಗೆ ಗೊತ್ತು. ಹದಿನೈದು ದಿನಕ್ಕಾಗುವಷ್ಟು ಕಾಳು ಆರಿಸಿ ಓಣಿಯ ಗಿರಣಿಗೆ ಕೊಡಿ. ಅವರಿಗೆ "ರೊಟ್ಟಿಗೆ, ನುಣ್ಣಗೆ" ಅಂದ್ರೆ ಸಾಕು. ಗೋಧಿ ಬೀಸಿದ ಬೆನ್ನಿಗೆ ನಿಮ್ಮ ಜೋಳ ಹಾಕದ ಹಾಗೆ ಮಾತ್ರ ನೋಡ್ಕೊಳ್ಳಿ.

ಇನ್ನು ಎಸರು. ಗೋಧಿಯಲ್ಲಿ ಅಂಟು ಇದೆ, ತಣ್ಣೀರಿಗೂ ಹಿಟ್ಟು ಕೂಡಿಕೊಳ್ಳುತ್ತೆ. ಜೋಳದಲ್ಲಿ ಆ ಅಂಟು ಇಲ್ಲ. ಕುದಿಯೋ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಸ್ವಲ್ಪ ಬೆಂದು ಗಂಜಿ ಆಗುತ್ತಲ್ಲ, ಆ ಗಂಜಿಯೇ ಅಂಟಿನ ಕೆಲಸ ಮಾಡೋದು. ಹಾಗಾಗಿ ನೀರು ಕೊತಕೊತ ಕುದೀಬೇಕು, ಬೆಚ್ಚಗಿದ್ದರೆ ಸಾಲದು. ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಹಾಕಿ, ಸೌಟಿನಿಂದ ತಿರುವಿ, ಮುಚ್ಚಿ ಐದು ನಿಮಿಷ ಬಿಡಿ. ಆಮೇಲೆ ಅಂಗೈ ಬುಡದಿಂದ ನಾದಬೇಕು. ಎಲ್ಲಾ ಒಟ್ಟಿಗೆ ಬೇಡ, ಒಂದು ರೊಟ್ಟಿಗಾಗುವಷ್ಟು ಉಂಡೆಯನ್ನ ಆಗಾಗ ನಾದಿಕೊಂಡರೆ ಅಂಚು ಸೀಳೋದಿಲ್ಲ. ಬಡಿಯೋದು ಬೆರಳಿಂದ ಅಲ್ಲ, ಅಂಗೈಯಿಂದ. ಹಂಚಿನ ಮೇಲೆ ಹಾಕಿದ ಕೂಡಲೇ ಮೇಲಿನ ಒಣಹಿಟ್ಟನ್ನ ಒದ್ದೆ ಬಟ್ಟೆಯಿಂದ ಸವರಿ, ನೀರಾರಿದ ಮೇಲೆ ಮಗುಚಬೇಕು. ಉಬ್ಬಿದರೆ ಗೆದ್ದಿರಿ. ಉಬ್ಬದಿದ್ರೂ ತಿನ್ನೋಕೆ ಏನೂ ಅಡ್ಡಿಯಿಲ್ಲ, ಅದನ್ನ ದೊಡ್ಡ ವಿಷಯ ಮಾಡೋದು ರೀಲ್ಸ್‌ನವರು.

ಇಷ್ಟಕ್ಕೆಲ್ಲ ಟೈಮ್ ಇಲ್ಲ ಅನ್ನೋರಿಗೆ ದಾರಿ ಇದೆ. ಹೊಸಪೇಟೆಯ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ರೊಟ್ಟಿ ಮಾಡಿ ಮಾರ್ತಾರೆ. ಬೆಳಗ್ಗೆ ಹೇಳಿದರೆ ಸಂಜೆಗೆ ಮೆತ್ತನೆ ರೊಟ್ಟಿ. ಖಡಕ್ ರೊಟ್ಟಿಯಾದರೆ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತೆ, ಬೆಂಗಳೂರಿಗೆ ವಾಪಸ್ ಹೋಗೋ ನನ್ನ ಗೆಳೆಯರು ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಪಕ್ಕ ಅದನ್ನೇ ಇಟ್ಟುಕೊಂಡು ಹೋಗ್ತಾರೆ.

ಒಂದು ಮಾತು ಸ್ಪಷ್ಟ ಇರಲಿ. ಜೋಳ ಸಕ್ಕರೆ ಕಾಯಿಲೆಗೆ ಔಷಧಿ ಅಲ್ಲ. ಅದರಲ್ಲೂ ಇರೋದು ಹೆಚ್ಚಾಗಿ ಪಿಷ್ಟವೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗಿಂತ ಕಮ್ಮಿ. ಪ್ರೋಟೀನೂ ಜೋಳದಲ್ಲಿ ಸ್ವಲ್ಪ ಹೆಚ್ಚು. ಆದರೆ ನಿಜವಾದ ವ್ಯತ್ಯಾಸ ಇನ್ನೊಂದು ಕಡೆ ಇದೆ ಅಂತ ನನಗನ್ನಿಸುತ್ತೆ. ಅನ್ನ ಮೂರು ಸಲ ಬಡಿಸಿಕೊಂಡದ್ದು ಗೊತ್ತೇ ಆಗಲ್ಲ, ರೊಟ್ಟಿಗೆ ಲೆಕ್ಕ ಇದೆ. ಎರಡು ಅಂದ್ರೆ ಎರಡು. ಪಕ್ಕದಲ್ಲಿ ಪಲ್ಯ, ಕಾಳು, ಹಸಿ ಈರುಳ್ಳಿ ತಾನಾಗೇ ಬಂದು ಕೂರುತ್ತೆ. ಮಾತ್ರೆ ಮಾತ್ರ ಡಾಕ್ಟರನ್ನ ಕೇಳದೆ ಯಾರೂ ಬಿಡಬೇಡ್ರಿ.

ರೊಟ್ಟಿ ಬಂದ ಮೇಲೆ ಪುಂಡಿ ಪಲ್ಯ ಬೇಕಲ್ಲ. ಪುಂಡಿ ಮಾರ್ಕೆಟ್‌ನಲ್ಲಿ ಸಿಗುತ್ತೆ, ಆದರೆ ಮಹಡಿ ಮೇಲೆ ಇಷ್ಟು ಸುಲಭವಾಗಿ ಬರೋ ಇನ್ನೊಂದು ಸೊಪ್ಪು ನನಗೆ ಗೊತ್ತಿಲ್ಲ. ಬೀಜ ಕೊಟ್ಟವನು ಸಂಡೂರಿನ ಗೆಳೆಯ. ಅವರ ಊರಿನ ಗುಡ್ಡ ಮಳೆಗಾಲದಲ್ಲಿ ಎಷ್ಟು ಹಸಿರು ಅಂತ ನೋಡಿದವರಿಗೇ ಗೊತ್ತು. ಸೀತಾಫಲದ ಕಾಲದಲ್ಲಿ ಅವರ ಮನೆಗೆ ಹೋದರೆ ಬರಿಗೈಲಿ ಬಂದದ್ದಿಲ್ಲ. ಅದೇ ಊರಲ್ಲಿ ಅದಿರಿನ ಲಾರಿ ಓಡಾಡೋ ರಸ್ತೆ ಪಕ್ಕದ ಮನೆಗಳಲ್ಲಿ ಕರಿಬೇವು ಕೂಡ ಕೆಂಪಗೆ. "ನಮ್ಮಲ್ಲಿ ಸೊಪ್ಪು ತೊಳೆದ ನೀರು ನೋಡಿ ತಿಂಗಳ ಹೇಳಬಹುದು" ಅಂತಾನೆ ಅವನು. ಮಳೆಗಾಲವಾದರೆ ತಿಳಿ, ಬೇಸಿಗೆಯಾದರೆ ಇಟ್ಟಿಗೆ ಬಣ್ಣ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಸ್ವಲ್ಪ ಕಾಲ ಎಲೆಗಳಿಗೆ ಅವುಗಳದ್ದೇ ಬಣ್ಣ ಬಂದಿತ್ತಂತೆ. ಜೊತೆಗೆ ಎಷ್ಟೋ ಮನೆಗಳ ಸಂಬಳವೂ ನಿಂತಿತ್ತು, ಅದನ್ನೂ ಅವನೇ ಹೇಳ್ತಾನೆ.

ಪುಂಡಿಗೆ ಜೂನ್ ಮಳೆ ಶುರುವಾದಾಗ ಬೀಜ ಹಾಕಿ. ಕೆಮ್ಮಣ್ಣು, ಹಳೇ ಸಗಣಿ ಗೊಬ್ಬರ, ಸ್ವಲ್ಪ ತೆಂಗಿನ ನಾರಿನ ಪುಡಿ. ಕಂಪ್ಲಿಯ ಎರೆ ಮಣ್ಣು ಗದ್ದೆಗೆ ಬಂಗಾರ, ಕುಂಡಕ್ಕೆ ಬೇಡ. ಒಣಗಿದಾಗ ಬಿರುಕು ಬಿಟ್ಟು ಅಂಚಿನಿಂದ ಸರಿದುಬಿಡುತ್ತೆ, ಹಾಕಿದ ನೀರೆಲ್ಲ ಸಂದಿಯಲ್ಲೇ ಇಳಿದುಹೋಗಿ ಬೇರಿಗೆ ಸಿಗಲ್ಲ. ಬಿಸಿಲು ಪೂರ್ತಿ ಬೀಳಲಿ. ಒಂದು ತಿಂಗಳ ನಂತರ ಕುಡಿ ಚಿವುಟುತ್ತಾ ಹೋದರೆ ಕವಲೊಡೆದು ಮತ್ತೆ ಮತ್ತೆ ಬರುತ್ತೆ. ಬಿಟ್ಟರೆ ಆಳೆತ್ತರ ಬೆಳೆದು, ನಾರಾಗಿ, ನಡುವೆ ಕಡುಗೆಂಪು ಇರೋ ಹೂ ಬಿಡುತ್ತೆ. ಚೆಂದ, ಆದರೆ ಪಲ್ಯಕ್ಕೆ ಬರಲ್ಲ. ಏಪ್ರಿಲ್‌ನಲ್ಲಿ ಹೊಸಪೇಟೆಯ ಆರ್‌ಸಿಸಿ ಮೇಲೆ ಏನೂ ಉಳಿಯೋದು ಕಷ್ಟ, ನೆರಳು ಬಲೆ ಕಟ್ಟಿದರೆ ಕರಿಬೇವು ಮೆಣಸಿನಗಿಡ ಹೇಗೋ ಬದುಕ್ತಾವೆ.

ಪಲ್ಯ ಮಾಡೋದು ಹೀಗೆ. ಸೊಪ್ಪು ಬೇಯಿಸಿ ಹುಳಿ ನೀರು ಸ್ವಲ್ಪ ಬಸಿದು, ಬೆಂದ ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ. ಬೆಳ್ಳುಳ್ಳಿಗೆ ಕೈ ಹಿಡೀಬೇಡಿ.

ಹಾಗಂತ ಅಕ್ಕಿ ಮನೆ ಬಿಟ್ಟು ಹೋಗಿಲ್ಲ. ಭಾನುವಾರ ಬೆಳಗ್ಗೆ ಮಂಡಕ್ಕಿ ಒಗ್ಗರಣೆ ಇಲ್ಲದಿದ್ರೆ ಹೊಸಪೇಟೆಯಲ್ಲಿ ಇದ್ದೂ ಪ್ರಯೋಜನವೇನು? ಗಡಿ ದಾಟಿ ಆಂಧ್ರಕ್ಕೆ ಹೋದರೆ ಇದೇ 'ಉಗ್ಗಾಣಿ' ಆಗುತ್ತೆ, ಜೊತೆಗೆ ಅದೇ ಬಜ್ಜಿ. ಮಂಡಕ್ಕಿಯೂ ಅಕ್ಕಿಯೇ, ಬೇಗ ಸಕ್ಕರೆ ಏರಿಸೋ ಪೈಕಿ. ಹಾಗಾಗಿ ಅಮ್ಮನ ತಟ್ಟೆಯಲ್ಲಿ ಶೇಂಗಾ, ಪುಟಾಣಿ ಪುಡಿ ಜಾಸ್ತಿ, ಮಂಡಕ್ಕಿ ಒಂದೇ ಹಿಡಿ, ಮಿರ್ಚಿ ಒಂದು. ಆ ಒಂದು ಮಿರ್ಚಿ ಬಾಣಲೆಯಲ್ಲೇ ದೊಡ್ಡದು ಯಾವುದು ಅಂತ ಅವರೇ ಗುರುತಿಟ್ಟಿರ್ತಾರೆ.

ಚಿಕ್ಕಪ್ಪನಿಗೆ ಹೇಳೋ ಕೆಲಸ ದೀಪಾವಳಿಗೆ ಕಂಪ್ಲಿಗೆ ಹೋದಾಗ ಆಯ್ತು. ಅಮ್ಮ ಊಟಕ್ಕೆ ಕೂತು, ಅರ್ಧ ಸೌಟು ಅನ್ನಕ್ಕೇ ಕೈ ಅಡ್ಡ ಇಟ್ಟರು. ಚಿಕ್ಕಮ್ಮ ಸೌಟು ಹಿಡಿದು ಹಾಗೇ ನಿಂತರು. "ಯಾಕಕ್ಕ, ಅಕ್ಕಿ ಚೆನ್ನಾಗಿಲ್ಲೇನು?" ಅಮ್ಮ ರಿಪೋರ್ಟಿನ ವಿಷಯ ಹೇಳಿದರು. ಚಿಕ್ಕಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ನನಗೂ ಎರಡು ವರ್ಷದಿಂದ ಇದೆ ಅತ್ತಿಗೆ. ಇವಳಿಗೆ ಹೇಳಿರಲಿಲ್ಲ" ಅಂದರು. ಅವತ್ತು ಅಲ್ಲಿ ನಡೆದ ಜಗಳ ಅಕ್ಕಿಗೆ ಸಂಬಂಧಿಸಿದ್ದಾಗಿರಲಿಲ್ಲ.

ಈ ವರ್ಷವೂ ಎರಡು ಚೀಲ ಬಂದಿದೆ. ಒಂದನ್ನ ಬಿಚ್ಚಿಲ್ಲ, ಹಳೇದಾಗಲಿ ಅಂತ ಇಟ್ಟಿದ್ದೀವಿ. ಹೊಸ ಅಕ್ಕಿ ಮುದ್ದೆಯಾಗುತ್ತೆ, ಆರು ತಿಂಗಳು ಕಳೆದ ಅಕ್ಕಿ ನೀರು ಜಾಸ್ತಿ ಹೀರಿ ಉದುರಾಗಿ ಅರಳುತ್ತೆ. ಹೊಸದಕ್ಕೆ ಒಂದು ಲೋಟಕ್ಕೆ ಎರಡು ಲೋಟ ನೀರೂ ಹೆಚ್ಚೇ, ಹಳೇದಕ್ಕೆ ಎರಡೂವರೆ ಹಿಡಿಯುತ್ತೆ. ಮನೇಲಿ ಹೊಸ ಅಕ್ಕಿ ಇರೋರು ಬಿಸಿಬೇಳೆ ಬಾತ್, ಪೊಂಗಲ್, ಮೊಸರನ್ನಕ್ಕೆ ಅದನ್ನ ಬಳಸಿ, ಅವಕ್ಕೆ ಮೆತ್ತಗಾದಷ್ಟೂ ಒಳ್ಳೇದು.

ಅಮ್ಮನ ಎಚ್‌ಬಿಎ1ಸಿ ಈಗ 7.4. ಅದರಲ್ಲಿ ಮಾತ್ರೆಯದೆಷ್ಟು, ನಡಿಗೆಯದೆಷ್ಟು, ರೊಟ್ಟಿಯದೆಷ್ಟು ಅಂತ ಪಾಲು ಹಾಕೋಕೆ ಹೋಗಿಲ್ಲ. ಕಂಪ್ಲಿಯಿಂದ ಚಿಕ್ಕಮ್ಮ ಫೋನ್ ಮಾಡಿದ್ದರು, ರೊಟ್ಟಿ ಉಳಿದರೆ ಏನು ಮಾಡ್ತೀರಿ ಅಂತ ಕೇಳೋಕೆ. ಉಳಿದದ್ದನ್ನ ಪುಡಿ ಮಾಡಿ ಈರುಳ್ಳಿ, ಶೇಂಗಾ ಹಾಕಿ ಒಗ್ಗರಣೆ ಕೊಡಬಹುದು. ಅದಕ್ಕಿಂತ ರುಚಿ ಬೇಕಂದ್ರೆ ಉಳಿಯೋವರೆಗೆ ಕಾಯಬೇಡಿ. ದಪ್ಪಗೆ ಒಂದು ರೊಟ್ಟಿ ಬಡಿದು, ಬಿಸಿ ಇರೋವಾಗಲೇ ಮುರಿದು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಜೀರಿಗೆ ಜೊತೆ ಕುಟ್ಟಿ, ಎಣ್ಣೆ ಬಿಟ್ಟು ಮುಟಗಿ ಕಟ್ಟಿ. ಕೈ ಸುಡುತ್ತೆ, ಬೇಗ ಕಟ್ಟಬೇಕು.