ಅಲಸಂದೆಯ ಹೂರಣ, ಕೂವೆಯ ಮೋಚಿ

ಹಾಲಿಲ್ಲ, ತುಪ್ಪವಿಲ್ಲ, ಜೆಲಟಿನ್ ಇಲ್ಲ. ಕಾಳು, ಅಕ್ಕಿ, ಗಡ್ಡೆಯ ಹಿಟ್ಟು, ಕಡಲಪಾಚಿ, ಸಕ್ಕರೆ: ಜಪಾನಿನ ಸಾಂಪ್ರದಾಯಿಕ ಸಿಹಿಗಳಾದ ‘ವಗಾಶಿ’ಯ ಬಹುಪಾಲು ಇಷ್ಟರಲ್ಲೇ ಮುಗಿಯುತ್ತದೆ. ಚೀಲ ಹಿಡಿದು ಗಾಂಧಿ ಬಜಾರಿಗೋ ಮಲ್ಲೇಶ್ವರದ ಎಂಟನೇ ಕ್ರಾಸಿಗೋ ಚಾಮರಾಜಪೇಟೆಯ ದಿನಸಿ ಅಂಗಡಿಗೋ ಹೋಗಿಬಂದರೆ ಸಾಕು, ಬೇಕಾದದ್ದು ಹೆಚ್ಚುಕಡಿಮೆ ಎಲ್ಲ ಸಿಗುತ್ತದೆ.

ಜಪಾನ್ ಬೆಂಗಳೂರಿಗೆ ಹೊಸದೂ ಅಲ್ಲ. ಜೆಮ್‌ಶೆಡ್‌ಜಿ ಟಾಟಾ ಬಸವನಗುಡಿಯ ಮಗ್ಗುಲಲ್ಲಿ ರೇಷ್ಮೆ ತೋಟ ಮಾಡಿದಾಗ ಕೆಲಸ ಕಲಿಸಲು ಜಪಾನಿನಿಂದಲೇ ತಜ್ಞರು ಬಂದಿದ್ದರು. ಆ ಜಾಗಕ್ಕೆ ಇಂದಿಗೂ ಟಾಟಾ ಸಿಲ್ಕ್ ಫಾರ್ಮ್ ಎಂದೇ ಹೆಸರು. ಬಿಡದಿಗೆ ಟೊಯೊಟಾ ಬಂದ ಮೇಲೆ ನಗರದಲ್ಲಿ ಜಪಾನೀ ಕುಟುಂಬಗಳೂ ಹೋಟೆಲುಗಳೂ ಹೆಚ್ಚಿದವು. ಅಲ್ಲಿ ಈ ಸಿಹಿಗಳ ರುಚಿ ಕಂಡವರಿಗೂ ಮನೆಯಲ್ಲಿ ಮಾಡಲು ಅಳುಕು. ಆಮದಾದ ಪೊಟ್ಟಣವಿಲ್ಲದೆ ಮಾಡಿದರೆ ಅದು ಅಸಲಿ ಆದೀತೇ ಎಂಬ ಸಂಶಯ.

ಈ ಸಂಶಯಕ್ಕೆ ವಗಾಶಿಯ ಚರಿತ್ರೆಯೇ ಉತ್ತರ ಕೊಡುತ್ತದೆ. ಇಂದು ಕಾಳಿನ ಬರ್ಫಿಯಂತೆ ಕತ್ತರಿಸಿ ತಿನ್ನುವ ‘ಯೋಕನ್’ ಚೀನಾದಲ್ಲಿ ಕುರಿಮಾಂಸದ ಸಾರಾಗಿತ್ತು. ಮಾಂಸ ಮುಟ್ಟದ ಝೆನ್ ಸಂನ್ಯಾಸಿಗಳ ಅಡುಗೆಮನೆಯಲ್ಲಿ ಮಾಂಸದ ಜಾಗಕ್ಕೆ ಕಾಳು ಬಂತು. 17ನೇ ಶತಮಾನದಲ್ಲಿ ಕಡಲಪಾಚಿಯ ‘ಕಾಂತೆನ್’ ಬಳಕೆಗೆ ಬಂದ ಮೇಲೆ ಅದಕ್ಕೆ ಈಗಿನ ರೂಪ ಸಿಕ್ಕಿತು. ಶುಭಕಾರ್ಯದ ಕೆಂಪನ್ನಕ್ಕೆ ಟೋಕಿಯೊ ಕಡೆಯವರು ‘ಅಜುಕಿ’ ಎಂಬ ಕೆಂಪು ಕಾಳಿನ ಬದಲು ಅಲಸಂದೆ ಹಾಕುತ್ತಾರೆ. ಅಜುಕಿ ಬೆಂದರೆ ಸಿಪ್ಪೆ ಸೀಳುತ್ತದೆ, ಹೊಟ್ಟೆ ಸೀಳಿಕೊಂಡು ಸಾಯುವುದನ್ನು ಬಲ್ಲ ಸಮುರಾಯ್‌ಗಳಿಗೆ ಅದು ಅಪಶಕುನವಾಗಿ ಕಂಡಿತು ಎನ್ನುತ್ತಾರೆ. ಇದ್ದದ್ದರಲ್ಲಿ ಹೊಂದಿಸಿಕೊಳ್ಳುವುದು ಈ ಕಲೆಗೆ ಮೊದಲಿಂದಲೂ ಬಂದ ಗುಣ.

ಮೊದಲ ಪಾಠ: ಆಂಕೊ

ಅಜುಕಿ, ಅಲಸಂದೆ, ಹೆಸರು, ಉದ್ದು ಎಲ್ಲವೂ ಒಂದೇ ಕುಲದ ಕಾಳುಗಳು. ಹಾಗಾಗಿ ವಗಾಶಿಯ ಜೀವವಾದ ‘ಆಂಕೊ’ ಎಂಬ ಹೂರಣಕ್ಕೆ ಅಜುಕಿಯ ಬದಲು ಕೆಂಪು ಅಲಸಂದೆ ಚೆನ್ನಾಗಿ ಒದಗುತ್ತದೆ. ಕಾಲು ಕೆಜಿ ಕಾಳನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಒಂದು ಕುದಿ ಬರಿಸಿ ಆ ನೀರು ಚೆಲ್ಲಿ, ಒಗರು ಹೋಗುತ್ತದೆ. ಹೊಸ ನೀರಿನಲ್ಲಿ, ಬೆರಳಲ್ಲಿ ಹಿಸುಕಿದರೆ ನುಣ್ಣಗಾಗುವಷ್ಟು ಬೇಯಿಸಿ. ಅಲಸಂದೆಯ ಸಿಪ್ಪೆ ತುಸು ದಪ್ಪ, ಜರಡಿಯಲ್ಲಿ ಉಜ್ಜಿ ತೆಗೆದರೆ ಹೂರಣ ನಯವಾಗುತ್ತದೆ. 200 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಮಗುಚುತ್ತಿರಿ. ಸೌಟಿನಿಂದ ಬಾಣಲೆಯ ತಳದಲ್ಲಿ ಗೆರೆ ಎಳೆದರೆ ಅದು ತಕ್ಷಣ ಮುಚ್ಚದೆ ಒಂದೆರಡು ಕ್ಷಣ ನಿಲ್ಲಬೇಕು. ಅದೇ ಹದ, ಆರಿದ ಮೇಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಒಬ್ಬಟ್ಟಿನ ಹೂರಣ ಮಾಡಿದ ಕೈಗೆ ಇದು ಕಷ್ಟವಲ್ಲ. ಏಲಕ್ಕಿಯನ್ನು ಮಾತ್ರ ಹಾಕಬೇಡಿ. ಕಾಳಿನದೇ ಪರಿಮಳ ಇಲ್ಲಿ ಮುಂದೆ ನಿಲ್ಲಬೇಕು.

ಆಂಕೊ ಕೈಗೆ ಬಂದರೆ ಯೋಕನ್ ಬಂದಂತೆಯೇ. ಕಾಂತೆನ್ ಎಂದರೆ ನಮ್ಮ ಅಂಗಡಿಗಳ ಚೈನಾ ಗ್ರಾಸ್ ಜಾತಿಯದೇ ವಸ್ತು. 10 ಗ್ರಾಂ ಎಳೆಗಳನ್ನು ಅರ್ಧ ಗಂಟೆ ನೆನೆಸಿ, ಅರ್ಧ ಲೀಟರ್ ನೀರಿನಲ್ಲಿ ಪೂರ್ತಿ ಕರಗುವ ತನಕ ಕುದಿಸಿ. ಸಿಹಿ ಮೊದಲೇ ಬೆರೆತರೆ ಅದು ಸರಿಯಾಗಿ ಕರಗುವುದಿಲ್ಲ, ಆದ್ದರಿಂದ ಅರ್ಧ ಕೆಜಿ ಆಂಕೊ ಆಮೇಲೆ. ಜಿಡ್ಡು ಸವರದ ತಟ್ಟೆಗೆ ಸುರಿದರೆ ಫ್ರಿಜ್ ಇಲ್ಲದೆಯೂ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದದ್ದು ಏಪ್ರಿಲ್‌ನ ಸೆಕೆಗೂ ಕರಗುವುದಿಲ್ಲ.

ಅಕ್ಕಿಯ ವಿಷಯ

ಸೋತವರು ಹೆಚ್ಚಾಗಿ ಸೋಲುವುದು ಅಕ್ಕಿಯಲ್ಲಿ. ಜಪಾನಿನ ಅಂಟು ಉಂಡೆ ‘ಮೋಚಿ’ ಜಗಿದರೆ ಎಳೆಯುವುದು ಅದರ ಅಂಟಕ್ಕಿಯಿಂದ. ಅದರಲ್ಲಿ ಅಮೈಲೋಸ್ ಎಂಬ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಸೋನಾ ಮಸೂರಿಯಲ್ಲಿ ಅದು ಹೆಚ್ಚು, ತಣ್ಣಗಾದರೆ ಬಿರುಸಾಗುತ್ತದೆ. ಅಸ್ಸಾಮಿನ ಬೋರಾ ಅಕ್ಕಿಯೋ ಮಣಿಪುರದ ಕಪ್ಪಕ್ಕಿ ಚಕ್‌ಹಾವೊವೋ ಸಿಕ್ಕಿದರೆ ಮೋಚಿಗೆ ಕೈಹಾಕಬಹುದು. ಇಲ್ಲದಿದ್ದರೆ ‘ಕಶಿವಾ ಮೋಚಿ’ ಮಾಡಿ. ಮೇ 5ರ ಮಕ್ಕಳ ಹಬ್ಬಕ್ಕೆ ಓಕ್ ಎಲೆಯಲ್ಲಿ ಸುತ್ತಿಡುವ ಇದಕ್ಕೆ ಜಪಾನಿನಲ್ಲೂ ಸಾಮಾನ್ಯ ಅಕ್ಕಿಯ ಹಿಟ್ಟೇ. ಕಜ್ಜಾಯಕ್ಕೆ ಮಾಡುವಂತೆ ಅಕ್ಕಿ ನೆನೆಸಿ, ಬಟ್ಟೆಯ ಮೇಲೆ ಆರಿಸಿ, ಹಿಟ್ಟು ಮಾಡಿಸಿ ಜರಡಿ ಹಿಡಿಯಿರಿ. ಬಿಸಿನೀರಲ್ಲಿ ಕಲೆಸಿ ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಚೆನ್ನಾಗಿ ನಾದಿ. ಆಂಕೊ ತುಂಬಿ ಅರಿಶಿನದ ಎಲೆಯಲ್ಲಿ ಮಡಿಸಿ, ಅಂದೇ ತಿನ್ನಿ.

ಜರಿಗಿಡದ ಬೇರಿನ ಪಿಷ್ಟದಿಂದ ಮಾಡುವ ‘ವಾರಾಬಿ ಮೋಚಿ’ ಬೇಸಿಗೆಯ ತಿನಿಸು. ಆ ಪಿಷ್ಟ ಈಗ ಅಲ್ಲೇ ಅಪರೂಪ, ಬಹಳ ಜನ ಸಿಹಿಗೆಣಸಿನ ಪಿಷ್ಟ ಬಳಸುತ್ತಾರೆ. ನಮಗೆ ಕೂವೆಹಿಟ್ಟು, ಅಂದರೆ ಆರಾರೂಟ್, ಇದೆ. ಒಂದು ಪಾಲು ಕೂವೆಗೆ ಐದು ಪಾಲು ನೀರು, ಸ್ವಲ್ಪ ಸಕ್ಕರೆ. ಹಾಲಿನಂತಿದ್ದ ದ್ರವ ಗಟ್ಟಿಯಾಗಿ ಗಾಜಿನಂತೆ ತಿಳಿಯಾಗುವವರೆಗೆ ತಿರುವಿ, ತಣ್ಣಗಾದ ಮೇಲೆ ತುಂಡು ಮಾಡಿ ಹುರಿಗಡಲೆ ಪುಡಿಯಲ್ಲಿ ಹೊರಳಿಸಿ. ಅವರು ಮೇಲೆ ಹುರಿದ ಸೋಯಾ ಪುಡಿ, ಕರಿಸಕ್ಕರೆಯ ಪಾಕ ಹಾಕುತ್ತಾರೆ. ಪಾಕದ ಬದಲು ಮಲೆನಾಡಿನ ಜೋನಿಬೆಲ್ಲ ಸುರಿಯಿರಿ. ಅದರ ಸಣ್ಣ ಕಹಿಯೇ ಇಲ್ಲಿ ಬೇಕಾದದ್ದು. ಆರಾರೂಟ್ ಹೆಸರಲ್ಲಿ ಮೆಕ್ಕೆಜೋಳದ ಪಿಷ್ಟವೂ ಮಾರಾಟವಾಗುತ್ತದೆ, ಕೇಳಿ ಕೊಳ್ಳಿ.

ಅವರೆಕಾಯಿಯ ಕಾಲ

ವಗಾಶಿಯಲ್ಲಿ ಋತುವೇ ಯಜಮಾನ. ಈಶಾನ್ಯ ಜಪಾನಿನ ಸೆಂಡಾಯ್‌ನಲ್ಲಿ ಎಳೆ ಸೋಯಾ ಕಾಳನ್ನು ಬೇಯಿಸಿ, ಸಿಪ್ಪೆ ತೆಗೆದು, ಸಕ್ಕರೆಯೊಂದಿಗೆ ಜಜ್ಜಿ ಮೋಚಿಗೆ ಹಚ್ಚುವ ‘ಜುಂಡಾ’ ಪ್ರಸಿದ್ಧ. ಚಳಿಗಾಲದಲ್ಲಿ ಹಿತಕಿದ ಅವರೆ ತುಂಬಿ ತುಳುಕುವ ನಮ್ಮ ಬಜಾರುಗಳಿಗೆ ಇದಕ್ಕಿಂತ ಹತ್ತಿರದ ಸಿಹಿ ಬೇರೊಂದಿಲ್ಲ. ಸಿಪ್ಪೆ ತೆಗೆಯುವ ಕೆಲಸ ಆಗಲೇ ಮುಗಿದಿರುತ್ತದೆ. ಮೆತ್ತಗೆ ಬೇಯಿಸಿ ತರಿತರಿಯಾಗಿ ಜಜ್ಜಿ, ಮೂರರಲ್ಲೊಂದು ಪಾಲು ಸಕ್ಕರೆ, ಒಂದೆರಡು ಹರಳು ಉಪ್ಪು ಸೇರಿಸಿ. ಅಕ್ಕಿಹಿಟ್ಟಿನ ಪುಟ್ಟ ಉಂಡೆಗಳನ್ನು ಕುದಿನೀರಿಗೆ ಬಿಟ್ಟು, ಅವು ತೇಲಿದ ಮೇಲೆ ತೆಗೆದು ಇದರಲ್ಲಿ ಹೊರಳಿಸಿ.

ಆಂಕೊದ ಹದ, ಕಡಿಮೆ ಸಿಹಿಗೆ ಒಗ್ಗುವ ನಾಲಿಗೆ, ಕಾಲಕ್ಕೆ ತಕ್ಕ ಕಾಳು: ಕಲಿಯಬೇಕಾದದ್ದು ಇವು ಮೂರೇ, ಇವನ್ನು ಯಾವ ಪೊಟ್ಟಣವೂ ಕಲಿಸುವುದಿಲ್ಲ. ಈ ವಾರ ದಿನಸಿ ತರುವಾಗ ಕಾಲು ಕೆಜಿ ಕೆಂಪು ಅಲಸಂದೆಯನ್ನೂ ಬರೆದುಕೊಳ್ಳಿ. ಆಂಕೊ ಒಲಿದರೆ ಉಳಿದವು ತಾವಾಗಿ ಹಿಂದೆ ಬರುತ್ತವೆ.