ಲೆಕ್ಕಕ್ಕೆ ಸಿಗದ ಒಂದು ಜಿಬಿ

ಜೂನ್ ಬಂತೆಂದರೆ ಅರಸೀಕೆರೆಯ ತಾಲ್ಲೂಕು ಕಚೇರಿ ಆಸುಪಾಸಿನ ಜೆರಾಕ್ಸ್ ಅಂಗಡಿಗಳಿಗೆ ಪುರುಸೊತ್ತಿಲ್ಲ. ಮಗಳ ಅಡ್ಮಿಷನ್‌ಗೆ ಜಾತಿ-ಆದಾಯ ಪ್ರಮಾಣಪತ್ರ, ಬೆಳೆ ಸಾಲಕ್ಕೆ ಪಹಣಿ, ನಿಂತುಹೋದ ಪಿಂಚಣಿಗೆ ಮತ್ತೊಂದು ಅರ್ಜಿ. ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗವಚಿಕೊಂಡವರು, ಒದ್ದೆ ಛತ್ರಿಯನ್ನು ಬಾಗಿಲಿಗೆ ಒರಗಿಸಿ ಸಾಲಿನಲ್ಲಿ ನಿಂತಿದ್ದಾರೆ. ಎಲ್ಲರ ಕಣ್ಣೂ ಅಂಗಡಿಯಾಕೆಯ ಬೆರಳ ಮೇಲೆ. ಆಕೆಯ ಕಣ್ಣು ಪರದೆಯ ಮೇಲೆ. ನುಡಿ ತಂತ್ರಾಂಶದಲ್ಲಿ ಅರ್ಜಿದಾರರ ಹೆಸರು ಟೈಪ್ ಮಾಡಿ ಕೈ ಎತ್ತಿದ್ದಾಗಿದೆ. ಪರದೆಯಲ್ಲಿ ಅಕ್ಷರವೇ ಇಲ್ಲ. ನೀಲಿ ಬಳೆ ಸುಮ್ಮನೆ ಸುತ್ತುತ್ತಿದೆ. ಕಿಟಕಿ ಬೆಳ್ಳಗೆ ಮಂಕಾಗಿ ಮೇಲೆ ‘ನಾಟ್ ರೆಸ್ಪಾಂಡಿಂಗ್’ ಎಂಬ ಬರಹ ಮೂಡುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಹೆಸರು, ಇನಿಷಿಯಲ್, ಊರು ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ.

ಮೇಜಿನ ಕೆಳಗಿನ ಸಿಪಿಯು ಡಬ್ಬದಲ್ಲಿ ಪುಟ್ಟ ಕೆಂಪು ದೀಪ ಆರದೆ ಉರಿಯುತ್ತಿದೆ. ಹಾರ್ಡ್ ಡಿಸ್ಕ್ ಒಳಗೊಳಗೇ ಕಟಕಟ ಅನ್ನುತ್ತಿದೆ. ಸಾಲಿನಲ್ಲಿದ್ದವರಿಂದ ಸಲಹೆಗಳಿಗೇನೂ ಬರವಿಲ್ಲ. ‘ವೈರಸ್ ಹೊಕ್ಕಿರ್ಬೇಕು’ ಅಂತ ಒಬ್ಬರು. ‘ಫಾರ್ಮ್ಯಾಟ್ ಹೊಡ್ಸಿ’ ಅಂತ ಇನ್ನೊಬ್ಬರು. ‘ಹಳೇದಾಯ್ತು ಬಿಡಮ್ಮ, ಹೊಸ ಸಿಸ್ಟಮ್ ತಗೋ’ ಅನ್ನುವ ಹಿರಿಯರ ದನಿಯಲ್ಲಿ ನಿಜವಾದ ಮರುಕವಿದೆ. ಹೊಸ ಸಿಸ್ಟಮ್ ಅಂದರೆ ಆ ಅಂಗಡಿಗೆ ತಿಂಗಳುಗಟ್ಟಲೆ ದುಡಿಮೆ.

ಸಿಸ್ಟಮ್ ನೋಡುವ ಹುಡುಗ ಬಂದವನೇ ಹೇಳಿದ ಮೊದಲ ಮಾತು ನನಗೆ ಹಿಡಿಸಿತು. ‘ಅಕ್ಕಾ, ರೀಸ್ಟಾರ್ಟ್ ಮಾಡ್ಬೇಡಿ. ಈಗ ಹೆಂಗಿದ್ಯೋ ಹಂಗೇ ಇರ್ಲಿ.’ ಕಂಪ್ಯೂಟರ್ ತಡವರಿಸಿದರೆ ಎಲ್ಲರೂ ಮೊದಲು ಮಾಡುವುದೇ ರೀಸ್ಟಾರ್ಟ್. ಅದರಿಂದ ನಾಲ್ಕು ದಿನ ಹಾಯೆನಿಸುತ್ತದೆ ನಿಜ, ಆದರೆ ತೊಂದರೆ ಎಲ್ಲಿತ್ತು ಎಂಬ ಸುಳಿವೂ ಅದರೊಂದಿಗೆ ಅಳಿಸಿಹೋಗುತ್ತದೆ. ಅವನು ಸ್ಟೂಲ್ ಎಳೆದು ಕೂತು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದ. ಟಾಸ್ಕ್ ಮ್ಯಾನೇಜರ್ ತೆರೆಯುವುದಕ್ಕೂ ಒದ್ದಾಡಿತು. ಮೆಮೊರಿ 94 ಪರ್ಸೆಂಟ್, ಡಿಸ್ಕ್ 100 ಪರ್ಸೆಂಟ್. ಎರಡೂ ಅಂಕಣ ಕಡುಬಣ್ಣಕ್ಕೆ ತಿರುಗಿದ್ದವು.

ಮೆಮೊರಿ 94 ಅಂದ ಕೂಡಲೇ ಗಾಬರಿ ಬೀಳಬೇಕಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಖಾಲಿ ಬಿದ್ದ ರ‍್ಯಾಮ್‌ನಿಂದ ಯಾರಿಗೂ ಉಪಯೋಗವಿಲ್ಲ.  ಮೆಮೊರಿಯ ಜೊತೆಗೆ ಡಿಸ್ಕ್ ಕೂಡ ನೂರು ಮುಟ್ಟಿ ಅಲ್ಲೇ ನಿಂತಿದ್ದರೆ ಮಾತ್ರ ಚಿಂತೆ. ಅಂಗಡಿಯ ಮುಂಗಟ್ಟೆಯ ಮೇಲೆ ಜಾಗ ಸಾಲದಾದಾಗ ಕೆಲವು ಕಾಗದಗಳನ್ನು ಹಿಂದಿನ ಕೋಣೆಯ ಬೀರುವಿನಲ್ಲಿಟ್ಟು ಬರುತ್ತೇವಲ್ಲ, ವಿಂಡೋಸ್ ಮಾಡುವುದೂ ಅದನ್ನೇ. ರ‍್ಯಾಮ್‌ನ ಪುಟಗಳನ್ನು, ಪುಟಕ್ಕೆ 4 ಕೆಬಿಯಂತೆ, ಡಿಸ್ಕಿನ ಪೇಜ್‌ಫೈಲ್‌ಗೆ ಸಾಗಿಸುತ್ತದೆ. ಬೇಕಾದಾಗ ಮತ್ತೆ ತರುತ್ತದೆ. ಮುಂಗಟ್ಟೆ ತೀರಾ ಕಿರಿದಾದರೆ ಇಡೀ ದಿನ ಬೀರುವಿಗೆ ಓಡಾಡುವುದೇ ಕೆಲಸವಾಗುತ್ತದೆ, ಅರ್ಜಿ ಒಂದೂ ಮುಗಿಯುವುದಿಲ್ಲ. ಪೀಟರ್ ಡೆನ್ನಿಂಗ್ ಎಂಬ ಕಂಪ್ಯೂಟರ್ ವಿಜ್ಞಾನಿ ಈ ಸ್ಥಿತಿಯನ್ನೂ ಅದರ ಕಾರಣವನ್ನೂ 1968ರಲ್ಲೇ ವಿವರಿಸಿದ್ದರು. ನಿಮಿಷಕ್ಕೆ 7200 ಸುತ್ತು ಹಾಕುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೇ ಎಂಟು ಮಿಲಿಸೆಕೆಂಡ್ ಹಿಡಿಯುತ್ತದೆ. ಆ ಹೊತ್ತಿನಲ್ಲಿ ರ‍್ಯಾಮ್ ಹತ್ತಾರು ಸಾವಿರ ಸಲ ಉತ್ತರ ಕೊಟ್ಟು ಮುಗಿಸಿರುತ್ತದೆ. ಆ ಕಟಕಟ ಸದ್ದು ಅದೇ ಓಡಾಟದ್ದು.

ಹುಡುಗ ಮೆಮೊರಿ ಅಂಕಣದ ತಲೆಯ ಮೇಲೆ ಕ್ಲಿಕ್ ಮಾಡಿದ. ಹೆಚ್ಚು ತಿನ್ನುವುದು ಮೇಲೆ ಬಂತು: ಕ್ರೋಮ್, ಸುಮಾರು 1.2 ಜಿಬಿ. ‘ಎಷ್ಟ್ ಟ್ಯಾಬ್ ತೆರ್ದಿದೀರ ಅಕ್ಕಾ!’ ಅಂದ. ‘ಮುಚ್ಚಿದ್ರೆ ಮತ್ತೆ ಓಟಿಪಿ ಕೇಳ್ತದಪ್ಪ. ಫೋನ್ ಅವ್ರ ಮಗನ ಹತ್ರ, ಮಗ ಬೆಂಗಳೂರಲ್ಲಿ’ ಎಂದರು ಆಕೆ. ಈ ಉತ್ತರದ ಮುಂದೆ ‘ಟ್ಯಾಬ್ ಮುಚ್ಚಿ’ ಎಂಬ ಸಲಹೆ ಎಷ್ಟು ಬಡವಾಗಿ ಕಾಣುತ್ತದೆ! 2008ರಲ್ಲಿ ಬಂದಾಗಿನಿಂದಲೂ ಕ್ರೋಮ್ ತಾಣಗಳನ್ನು ಬೇರೆ ಬೇರೆ ಪ್ರೋಸೆಸ್‌ಗಳಲ್ಲಿ ನಡೆಸುತ್ತದೆ. ಒಂದು ಕೈಕೊಟ್ಟರೆ ಉಳಿದವು ಬೀಳಬಾರದು ಎಂಬುದು ಇದರ ಉದ್ದೇಶ. ಅದಕ್ಕೆ ತೆರಬೇಕಾದ ಬೆಲೆ ಮೆಮೊರಿ. ಅವನು ಶಿಫ್ಟ್-ಎಸ್ಕೇಪ್ ಒತ್ತಿ ಕ್ರೋಮಿನ ಒಳಗಿನ ಪಟ್ಟಿಯನ್ನೇ ತೆರೆದ. ಅರ್ಜಿಯ ಪುಟಗಳನ್ನು ಮುಟ್ಟಲಿಲ್ಲ. ನಿನ್ನೆಯಿಂದ ತೆರೆದೇ ಇದ್ದ ಸ್ಕ್ಯಾನ್ ಪಿಡಿಎಫ್‌ಗಳನ್ನೂ, ಯಾವಾಗಲೋ ಬಂದು ಸೇರಿಕೊಂಡಿದ್ದ ಎರಡು ಎಕ್ಸ್‌ಟೆನ್ಷನ್‌ಗಳನ್ನೂ ಮುಚ್ಚಿದ.

ಸ್ಟಾರ್ಟಪ್ ಪಟ್ಟಿಯಲ್ಲಿ ಎಂದೋ ಮಾರಿದ ಪ್ರಿಂಟರಿನ ಸಹಾಯಕ, ಎರಡೆರಡು ಆ್ಯಂಟಿವೈರಸ್, ಮತ್ತು ‘ರ‍್ಯಾಮ್ ಕ್ಲೀನ್ ಮಾಡುತ್ತೇನೆ’ ಎನ್ನುವ ಒಂದು ತಂತ್ರಾಂಶ. ಈ ಕೊನೆಯದರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಇಂಥವು ಸಾಮಾನ್ಯವಾಗಿ ಮಾಡುವುದೇನು? ನಡೆಯುತ್ತಿರುವ ಪ್ರೋಗ್ರಾಮುಗಳನ್ನೆಲ್ಲ ಒತ್ತಾಯದಿಂದ ರ‍್ಯಾಮ್‌ನಿಂದ ಹೊರದಬ್ಬುತ್ತವೆ. ಅಂಕಿ 94ರಿಂದ 50ಕ್ಕೆ ಇಳಿಯುತ್ತದೆ, ಹಸಿರು ಟಿಕ್ ಬೀಳುತ್ತದೆ. ಮರುಕ್ಷಣ ಆ ಪುಟಗಳೇ ಬೇಕಾಗಿ ಡಿಸ್ಕಿನಿಂದ ಹೊತ್ತು ತರಬೇಕಾಗುತ್ತದೆ. ಸಣ್ಣ ಅಂಗಡಿಯವರ ಅಸಹಾಯಕತೆಯ ಮೇಲೆ ನಡೆಯುವ ವ್ಯಾಪಾರ ಇದು.

ಇವನ್ನೆಲ್ಲ ನಿಲ್ಲಿಸಿದರೂ ಮೆಮೊರಿ 86ಕ್ಕಿಂತ ಕೆಳಗಿಳಿಯಲಿಲ್ಲ. ಹುಡುಗ ಜೇಬಿನಿಂದ ಫೋನ್ ತೆಗೆದು ಕ್ಯಾಲ್ಕುಲೇಟರಿನಲ್ಲಿ ಪಟ್ಟಿಯ ಅಂಕಿಗಳನ್ನು ಒಂದೊಂದಾಗಿ ಕೂಡತೊಡಗಿದ. ಮೊತ್ತ ಒಂದೂವರೆ ಜಿಬಿಯನ್ನೂ ದಾಟಲಿಲ್ಲ. ಬಳಕೆಯಲ್ಲಿದೆ ಎಂದು ವಿಂಡೋಸ್ ತೋರಿಸುತ್ತಿರುವುದು 3.4. ವಿಂಡೋಸಿನ ಸ್ವಂತ ಪಾಲನ್ನು ಬಿಟ್ಟರೂ ಒಂದು ಜಿಬಿ ಯಾರ ಹೆಸರಿನಲ್ಲೂ ಇಲ್ಲ. ‘ಇದೆಲ್ಲಿ ಹೋಯ್ತು?’ ಅಂತ ತನ್ನಲ್ಲೇ ಅಂದುಕೊಂಡು ಪರ್ಫಾರ್ಮೆನ್ಸ್ ಪುಟಕ್ಕೆ ಹೋದ. ಬಲಗಡೆ ಕೆಳಗೆ, ಯಾರೂ ಓದದ ಸಣ್ಣ ಅಕ್ಷರದಲ್ಲಿ ಒಂದು ಸಾಲು: ನಾನ್‌ಪೇಜ್ಡ್ ಪೂಲ್, 1.1 ಜಿಬಿ. ಇಂಥ ಸಿಸ್ಟಮ್‌ನಲ್ಲಿ ಅದು ಒಂದೋ ಎರಡೋ ನೂರು ಎಂಬಿ ಇರಬೇಕಾದದ್ದು.

ಸಾಧನಗಳನ್ನು ನಡೆಸುವ ಡ್ರೈವರ್‌ಗಳು ಕೆಲಸಕ್ಕೆಂದು ತೆಗೆದುಕೊಳ್ಳುವ ಮೆಮೊರಿ ಇದು. ಇದನ್ನು ಬೀರುವಿಗೆ ಸಾಗಿಸುವಂತೆಯೇ ಇಲ್ಲ, ಯಾವ ಕ್ಷಣದಲ್ಲೂ ಅವಕ್ಕೆ ಕೈಗೆಟುಕುವಂತೆ ರ‍್ಯಾಮ್‌ನಲ್ಲೇ ಇರಬೇಕು. ಯಾವುದೋ ಒಂದು ಡ್ರೈವರ್ ತೆಗೆದುಕೊಂಡದ್ದನ್ನು ಹಿಂತಿರುಗಿಸದೆ ಮತ್ತೆ ಮತ್ತೆ ಕೇಳುತ್ತಿದ್ದರೆ ಸೋರಿಕೆ ಹೀಗೆ ಬೆಳೆಯುತ್ತದೆ. ಪ್ರೋಸೆಸ್ ಪಟ್ಟಿಯಲ್ಲಿ ಅದರ ಹೆಸರೂ ಇರುವುದಿಲ್ಲ.

‘ಆದ್ರೆ ನಾನು ದಿನಾ ರಾತ್ರಿ ಶಟ್‌ಡೌನ್ ಮಾಡೇ ಹೋಗೋದು’ ಎಂದರು ಅಂಗಡಿಯಾಕೆ. ಹುಡುಗ ಸಿಪಿಯು ಪುಟ ತೆರೆದು ‘ಅಪ್ ಟೈಮ್’ ಎಂಬಲ್ಲಿ ಬೆರಳಿಟ್ಟ. 41 ದಿನ. ಆಕೆ ಹೇಳಿದ್ದೂ ನಿಜ, ಪರದೆ ಹೇಳುತ್ತಿರುವುದೂ ನಿಜ. 2012ರ ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿನಲ್ಲಿ ಶಟ್‌ಡೌನ್ ಒತ್ತಿದರೆ ನಮ್ಮ ಪ್ರೋಗ್ರಾಮುಗಳು ಮುಚ್ಚುತ್ತವೆ. ವಿಂಡೋಸಿನ ತಿರುಳಾದ ಕರ್ನಲ್ ಮತ್ತು ಡ್ರೈವರ್‌ಗಳು ಮಾತ್ರ ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆದುಕೊಂಡು, ಬೆಳಿಗ್ಗೆ ಅಲ್ಲಿಂದಲೇ ಮುಂದುವರಿಯುತ್ತವೆ. ಸೋರಿಕೆಯೂ ಅವುಗಳ ಜೊತೆಗೇ ಎದ್ದು ಕೂರುತ್ತದೆ. ಎಲ್ಲವನ್ನೂ ಹೊಸದಾಗಿ ಶುರು ಮಾಡುವುದು ರೀಸ್ಟಾರ್ಟ್. ಶಟ್‌ಡೌನ್‌ಗಿಂತ ರೀಸ್ಟಾರ್ಟ್ ಪೂರ್ಣವಾದದ್ದು ಎಂದರೆ ಯಾರು ತಾನೇ ನಂಬುತ್ತಾರೆ? ಬಳಕೆದಾರರಿಗೆ ಇದನ್ನು ತಿಳಿಸಿ ಹೇಳಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಕದ್ದವರನ್ನು ಹಿಡಿಯಲು ಹುಡುಗ ಪೂಲ್‌ಮಾನ್ ಎಂಬ ಮೈಕ್ರೋಸಾಫ್ಟಿನ ಪುಕ್ಕಟೆ ಉಪಕರಣವನ್ನು ಪೆನ್‌ಡ್ರೈವಿನಿಂದ ಓಡಿಸಿದ. ಕಪ್ಪು ಕಿಟಕಿಯ ತುಂಬ ನಾಲ್ಕಕ್ಷರದ ಗುರುತುಗಳು, ಪಕ್ಕದಲ್ಲಿ ಬೈಟ್‌ಗಳ ಲೆಕ್ಕ. ಬಿ ಒತ್ತಿದರೆ ದೊಡ್ಡದು ಮೇಲೆ. ಮೇಲಿನ ಒಂದೇ ಒಂದು ಗುರುತಿನ ಅಂಕಿ ಕಣ್ಣೆದುರೇ ಏರುತ್ತಿತ್ತು. ಉಳಿದವು ಏರಿ ಇಳಿದು ಆಡುತ್ತಿದ್ದವು. ಆ ನಾಲ್ಕಕ್ಷರಗಳನ್ನು ಡ್ರೈವರ್‌ಗಳ ಫೋಲ್ಡರಿನಲ್ಲಿ ಹುಡುಕಿಸಿದಾಗ ಒಂದು ಫೈಲಿನ ಹೆಸರು ಬಿತ್ತು. ಹುಡುಗ ಬಗ್ಗಿ ಸಿಪಿಯು ಹಿಂಬದಿಯಲ್ಲಿ ಮಿನುಗುತ್ತಿದ್ದ, ಹೆಬ್ಬೆರಳ ಉಗುರಿನಷ್ಟು ಅಗಲದ ವೈಫೈ ಡಾಂಗಲ್ ಕಿತ್ತು ಅಂಗೈ ಮೇಲಿಟ್ಟು ತೋರಿಸಿದ. ‘ಇದ್ರುದ್ದು ಅಕ್ಕಾ.’

ಡಾಂಗಲ್ ಜಾಗಕ್ಕೆ ರೌಟರಿನಿಂದ ಹಳದಿ ಲ್ಯಾನ್ ವೈರ್ ಬಂತು. ಡಾಂಗಲ್‌ನ ಡ್ರೈವರ್ ತೆಗೆದು, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಅರ್ಧ ತುಂಬಿದ ಅರ್ಜಿಗಳೆಲ್ಲ ಸಲ್ಲಿಕೆಯಾಗುವವರೆಗೆ ಕಾದು, ಕಡೆಗೆ ರೀಸ್ಟಾರ್ಟ್ ಮಾಡಿದ. ನಾನ್‌ಪೇಜ್ಡ್ ಪೂಲ್ 120 ಎಂಬಿಗೆ ಬಂದು ನಿಂತಿತು.

‘ರ‍್ಯಾಮ್ ಹಾಕ್ಸೋದು ಬ್ಯಾಡ್ವಾ ಹಂಗಾದ್ರೆ?’ ಎಂದು ಆಕೆ ಕೇಳಿದರು. ಮದರ್‌ಬೋರ್ಡಿನಲ್ಲಿ ಎರಡು ಸ್ಲಾಟ್, ಒಂದು ಖಾಲಿ. ಈಗಲೇ ಮಾರಿಬಿಡಬಹುದಿತ್ತು. ಅವನು ಮಾರಲಿಲ್ಲ. ‘ಸೋಮವಾರ ರಶ್ ಇರ್ವಾಗ ಈ ಎರಡು ಅಂಕಿ ಫೋಟೋ ತೆಗ್ದು ಕಳ್ಸಿ’ ಎಂದು ನಾನ್‌ಪೇಜ್ಡ್ ಪೂಲ್ ಹಾಗೂ ಕಮಿಟೆಡ್ ಎಂಬ ಸಾಲುಗಳಿಗೆ ಬೆರಳು ತೋರಿಸಿದ. ಮೊದಲನೆಯದು ಏರಿದ್ದರೆ ಸೋರಿಕೆ ಇನ್ನೂ ಇದೆ. ಅದು ಏರದೆ ಕಮಿಟೆಡ್, ಅಂದರೆ ವಿಂಡೋಸ್ ಕೊಡುವುದಾಗಿ ಒಪ್ಪಿಕೊಂಡ ಒಟ್ಟು ಮೆಮೊರಿ, ಮಾತ್ರ ರ‍್ಯಾಮ್ ಅಳತೆಯನ್ನು ಬಹಳ ಮೀರಿ, ಡಿಸ್ಕಿನ ದೀಪವೂ ಆರದಿದ್ದರೆ, ಆಗ ಕೆಲಸಕ್ಕೇ ಜಾಗ ಸಾಲುತ್ತಿಲ್ಲ.

ಸೋಮವಾರದ ಫೋಟೋದಲ್ಲಿ ಪೂಲ್ 130 ಎಂಬಿ, ಕಮಿಟೆಡ್ 6.2 ಜಿಬಿ. ಹುಡುಗ ಬಳಸಿದ 4 ಜಿಬಿಯ ಡಿಡಿಆರ್3 ತುಂಡೊಂದನ್ನು ತಂದ. ಡಿಡಿಆರ್4 ಈ ಬೋರ್ಡಿಗೆ ಕೂರುವುದಿಲ್ಲ, ಅದರ ಕಚ್ಚು ಇರುವ ಜಾಗವೇ ಬೇರೆ. ಚಿನ್ನದ ಬಣ್ಣದ ಕಾಲುಗಳನ್ನು ಶಾಲಾ ಮಕ್ಕಳ ರಬ್ಬರಿನಿಂದ ನವಿರಾಗಿ ಉಜ್ಜಿ, ಪುಡಿ ಊದಿ, ಎರಡೂ ತುದಿ ಒತ್ತಿದ. ಕೊಂಡಿಗಳು ಟಕ್ಕೆಂದು ಬಿಗಿದುಕೊಂಡವು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿರುವುದರಿಂದ ಈ ಸಿಸ್ಟಮ್‌ಗೆ ಇದಕ್ಕಿಂತ ಹೆಚ್ಚು ಸುರಿಯುವುದು ಬೇಡ ಎಂದೂ ಹೇಳಿದ. ‘ಮುಂದಿನ್ ವರ್ಷಕ್ಕೆ ದುಡ್ಡು ಕೂಡಿಡಿ ಅಕ್ಕಾ. ಈ ಸೀಸನ್ ಇದೇ ತಳ್ಳುತ್ತೆ’ ಎಂದು ಡಬ್ಬದ ಸ್ಕ್ರೂ ಬಿಗಿದು, ಅದೇ ಸಾಲಿನಲ್ಲಿದ್ದ ತನ್ನ ಚಿಕ್ಕಮ್ಮನ ಪಹಣಿಗೆ ಸರ್ವೆ ನಂಬರ್ ಹೇಳತೊಡಗಿದ.