ಎಲೆ ಸಮೃದ್ಧ, ಹೂ ವಿರಳ: ಅಂಗಳದ ಹೂಗಿಡಗಳ ನಿರ್ವಹಣೆ

ಪಂಚಾಯಿತಿ ಕಚೇರಿ, ಶಾಲೆ ಹಾಗೂ ಅಂಗನವಾಡಿಗಳ ಅಂಗಳದಲ್ಲಿ ನೆಟ್ಟ ಸೇವಂತಿಗೆ, ಚೆಂಡುಹೂ ಗಿಡಗಳು ಸೊಂಪಾಗಿ ಬೆಳೆದರೂ ದೀಪಾವಳಿಯ ವೇಳೆಗೆ ಹೂ ಬಿಡದಿರುವುದುಂಟು. ಆಗ ಮತ್ತೊಂದು ಹಿಡಿ ಯೂರಿಯಾ ಹಾಕುವುದು ರೂಢಿ. ಇದು ರೋಗವನ್ನೇ ಔಷಧವೆಂದು ಕೊಟ್ಟಂತೆ. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದ್ದು, ಅದು ಎಲೆ, ಕಾಂಡಗಳನ್ನು ಬೆಳೆಸುತ್ತದೆ. ಅತಿಯಾದಲ್ಲಿ ಮೊಗ್ಗು ತಡವಾಗುತ್ತದೆ.

ಬೇರು ಮತ್ತು ಹೂವಿಗೆ ರಂಜಕ, ಪೊಟ್ಯಾಷ್ ಅವಶ್ಯಕ. ಭಾಲ್ಕಿ, ಔರಾದ್ ಭಾಗದ ಕಪ್ಪು ಮಣ್ಣಿನ ಸುಣ್ಣಾಂಶವು ರಂಜಕವನ್ನು ಹಿಡಿದಿಡುತ್ತದೆ. ಬೀದರ್ ನಗರದ ಸುತ್ತಲಿನ ಜಂಬಿಟ್ಟಿಗೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣಾಂಶವು ಅದೇ ಕೆಲಸ ಮಾಡುತ್ತದೆ. ಆದ್ದರಿಂದ ಸೂಪರ್ ಫಾಸ್ಫೇಟನ್ನು ಮೇಲೆ ಚೆಲ್ಲದೆ, ನೆಡುವಾಗಲೇ ಕಳಿತ ಗೊಬ್ಬರದೊಂದಿಗೆ ಗುಂಡಿಗೆ ಬೆರೆಸತಕ್ಕದ್ದು. ಮೊಗ್ಗು ಮೂಡುವ ಹೊತ್ತಿಗೆ ಯೂರಿಯಾ ನಿಲ್ಲಿಸತಕ್ಕದ್ದು. ಮರದ ನೆರಳಿನಲ್ಲಿ ನೆಟ್ಟಿದ್ದರೆ ಯಾವ ಗೊಬ್ಬರದಿಂದಲೂ ಪ್ರಯೋಜನವಿಲ್ಲ.

ಸೇವಂತಿಗೆಯ ವಿಷಯದಲ್ಲಿ ಇನ್ನೊಂದು ಕಾರಣವಿದ್ದು, ಅದು ನೇರವಾಗಿ ಗ್ರಾಮ ಪಂಚಾಯಿತಿಗೆ ಸಂಬಂಧಿಸಿದೆ: ಬೀದಿ ದೀಪ. ಹಗಲು ಕಿರಿದಾಗಿ ರಾತ್ರಿ ದೀರ್ಘವಾದಾಗ ಮಾತ್ರ ಈ ಗಿಡ ಮೊಗ್ಗು ಕಟ್ಟುತ್ತದೆ. ಕತ್ತಲೆಗೆ ಭಂಗ ಬಂದರೆ ಗಿಡವು ಬೇಸಿಗೆಯೆಂದೇ ಭಾವಿಸಿ ಎಲೆ ಬಿಡುತ್ತಲೇ ಇರುತ್ತದೆ. ಹಸಿರುಮನೆಗಳಲ್ಲಿ ಹೂವನ್ನು ಮುಂದೂಡಲು ಬೆಳೆಗಾರರು ರಾತ್ರಿ ದೀಪ ಉರಿಸುವುದು ಇದೇ ತತ್ವದಿಂದ. ಕಂಬದ ಕೆಳಗಿನ ಗಿಡಗಳು ಬರಿ ಹಸಿರಾಗಿದ್ದು ದೂರದವು ಅರಳಿದ್ದರೆ, ಅವು ಬಂಜೆ ಗಿಡಗಳೆಂದು ಕೀಳಿಸುವ ಮುನ್ನ ಸದಸ್ಯರು ರಾತ್ರಿ ಒಮ್ಮೆ ಸ್ಥಳ ಪರಿಶೀಲಿಸುವುದು ಸೂಕ್ತ. ದೀಪಕ್ಕೆ ಮರೆ ಕಟ್ಟಬಹುದು, ಇಲ್ಲವೇ ಮುಂದಿನ ನಾಟಿಯನ್ನು ಕಟ್ಟಡದ ಹಿಂಬದಿಯ ಬಿಸಿಲಿಗೆ ಸ್ಥಳಾಂತರಿಸಬಹುದು.